ಕಪೆಕಾಗೆ ಬರಬೇಕಾಗಿದ್ದ ಉಸಿರು

ಮೊಲೊಕಾಯ್ ದ್ವೀಪದ ಪೂರ್ವ ಕರಾವಳಿಯಲ್ಲಿ ಕಪೆಕಾಳ ಕೈ ಬೀಳದ ಬೆನ್ನು ಒಂದೂ ಇರಲಿಲ್ಲ ಎನ್ನಬೇಕು, ಒಂದೇ ಒಂದು ಬೆನ್ನನ್ನು ಬಿಟ್ಟು. ಜಗಲಿಯ ಚಾಪೆಯ ಮೇಲೆ ಬೋರಲು ಮಲಗಿಸಿ, ಕುಕುಯಿ ಕಾಯಿಯ ಎಣ್ಣೆ ಸವರಿ ಮೊಣಕೈ ಇಟ್ಟಳೆಂದರೆ ಬಲೆ ಎಳೆಯುವ ಗಟ್ಟಿ ಗಂಡಸರೂ ಕಿರುಚುತ್ತಿದ್ದರು.

"ಅಯ್ಯಯ್ಯೋ ಕಪೆಕಾ, ಜೀವ ಹೋಗುತ್ತೆ!"

"ಹೋಗ್ತಿರೋದು ಜೀವ ಅಲ್ಲ, ನಿನ್ನ ಸೋಮಾರಿತನ. ಬಾಯಿ ಮುಚ್ಕೊಂಡು ಮಲ್ಕೋ."

ಆದರೆ ಬಂದವರನ್ನೆಲ್ಲ ಅವಳು ಒಡನೆಯೇ ಮುಟ್ಟುತ್ತಿರಲಿಲ್ಲ. ಮೊದಲ ಪ್ರಶ್ನೆ ನೋವು ಎಲ್ಲಿದೆ ಎಂದಲ್ಲ, ಯಾರ ಜೊತೆ ಜಗಳ ಎಂದು. "ಹೆಂಡ್ತಿ ಮೇಲೆ ಉರ್ಕೊಂಡು ಬಂದು ನನ್ನ ಹತ್ರ ಸೊಂಟ ನೀವಿಸ್ಕೊಂಡ್ರೆ ಏನು ಬಂತು? ಹೋಗು, ಅವಳ ಹತ್ರ ಮಾತಾಡಿ ಬಾ" ಎಂದು ಎಷ್ಟೋ ಜನರನ್ನು ಮೆಟ್ಟಿಲಿಂದಲೇ ವಾಪಸು ಕಳಿಸಿದ್ದಳು. ತನಗೂ ಅದೇ ಕಟ್ಟಳೆ. ಸೊಸೆ ಲಿಲಿಯಾಳ ಮೇಲೆ ರೇಗಿದ ದಿನ ಅವಳು ಮದ್ದಿನ ಸೊಪ್ಪು ಕೀಳುತ್ತಿರಲಿಲ್ಲ. ಸಿಟ್ಟಿನಲ್ಲಿ ಕಿತ್ತ ಸೊಪ್ಪು ದನದ ಮೇವು, ಸಿಟ್ಟಿರುವ ಕೈ ಬರೀ ಮೂಳೆ ಮಾಂಸ ಎನ್ನುತ್ತಿದ್ದಳು. ಯಾವುದಾದರೂ ಮನೆಯಲ್ಲಿ ಮನಸ್ತಾಪ ತೀರಾ ಗಂಟುಬಿದ್ದರೆ ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿ, ಪ್ರಾರ್ಥನೆ ಹೇಳಿ, ಒಬ್ಬೊಬ್ಬರ ಬಾಯಿಂದಲೂ ತಪ್ಪನ್ನು ಹೊರಡಿಸಿ ಗಂಟು ಬಿಡಿಸುತ್ತಿದ್ದವಳೂ ಅವಳೇ. ಹೊಓಪೊನೊಪೊನೊ ಎನ್ನುವ ಆ ಕೂಟಕ್ಕೆ ಹಿರಿತನ ವಹಿಸಲು ಸುತ್ತಲಿನವರಿಗೆಲ್ಲ ಕಪೆಕಾಳೇ ಬೇಕು.

ಇಷ್ಟೆಲ್ಲ ಊರಿಗೆ ಹೇಳುವವಳು ಸ್ವಂತ ಅಣ್ಣ ಮಕಾಯೊನ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು! ಅವಳ ಕೈ ಬೀಳದ ಬೆನ್ನು ಅವನದೇ. ಭಾನುವಾರ ಚರ್ಚಿನಲ್ಲಿ ಅವನು ಬಲಗಡೆ ಕೂತರೆ ಇವಳು ಎಡಗಡೆ. ಅವನು ಮಣಿಕಟ್ಟು ಮುರಿದುಕೊಂಡಾಗ ಪೇಟೆಯ ಡಾಕ್ಟರ ಹತ್ತಿರ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದ, ತಂಗಿಯ ಮನೆಯ ಮುಂದೆಯೇ ಹಾದು.

ಜಗಳದ ಮೂಲ ಅವರ ತಾಯಿಯ ಸಾವು. ಕಪೆಕಾಗೆ ಕಸುಬು ಕಲಿಸಿದ್ದು ತಾಯಿಯೇ. ಕಲಿತದ್ದು ಕೈಯಲ್ಲಿದ್ದರೆ ಸಾಲದು, ಕೊನೆಗಾಲದಲ್ಲಿ ಹಿರಿಯರು ಕಲಿತವರ ನೆತ್ತಿಯ ಮೇಲೆ ತಮ್ಮ ಉಸಿರನ್ನು ಊದಿ ಕೊಡಬೇಕು. ಆಗಲೇ ಶಕ್ತಿ ಇವರಿಂದ ಅವರಿಗೆ ದಾಟುವುದು. "ನನ್ನ ಉಸಿರು ನಿನಗೇ ಕಣೇ" ಎಂದು ತಾಯಿ ಮೊದಲಿಂದಲೂ ಹೇಳಿದ್ದಳು. ಅವಳು ಹಾಸಿಗೆ ಹಿಡಿದಾಗ, ದೋಣಿಯಲ್ಲೇ ಹೋಗಬೇಕಾದ ಪಕ್ಕದ ಕಣಿವೆಯಲ್ಲೊಂದು ಹೆರಿಗೆ ಕಷ್ಟವಾಗಿ ಕಪೆಕಾ ಹೋಗಲೇಬೇಕಾಯಿತು. "ಅಮ್ಮನಿಗೆ ಸ್ವಲ್ಪ ಹೆಚ್ಚುಕಡಿಮೆ ಅನ್ನಿಸಿದರೂ ದೋಣಿ ತಾ" ಎಂದು ಅಣ್ಣನಿಗೆ ಹೇಳಿಹೋಗಿದ್ದಳು. ದೋಣಿ ಬರಲಿಲ್ಲ. ಮಗುವಿನ ಮುಖ ನೋಡಿ ಮನೆಗೆ ಬಂದರೆ ತಾಯಿಯ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ಊರವರು ಉಸಿರು ಅವಳಿಗೇ ಬಂತೆಂದು ತಿಳಿದರು, ಅವಳೂ ಇಲ್ಲವೆನ್ನಲಿಲ್ಲ. ಪಾಪ, ಹೇಗೆ ಹೇಳಿಯಾಳು? ಆದರೆ ಪ್ರತಿ ಬೆನ್ನಿನ ಮೇಲೆ ಕೈ ಇಡುವಾಗಲೂ ಇದು ನನ್ನದಲ್ಲದ ಕೆಲಸ ಎಂಬ ಅಳುಕು. ಅದಕ್ಕಿಂತ ಹೆಚ್ಚಾಗಿ, ಅಮ್ಮ ನನ್ನ ಹೆಸರು ಕರೆದು ಕರೆದು ಸತ್ತಿರಬೇಕಲ್ಲ ಎನ್ನುವ ಸಂಕಟ ಅವಳನ್ನು ತಿನ್ನುತ್ತಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಮಕಾಯೊ ಅವಳ ಅಂಗಳದ ದಿವಿಹಲಸಿನ ಮರ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಿದ್ದ. ಗಾಡಿಯಿಂದ ಇಳಿದು ಅಲ್ಲಿಯವರೆಗೆ ನಡೆದದ್ದಕ್ಕೇ ತುಟಿ ನೀಲಿಯಾಗಿತ್ತು.

"ಶ್ವಾಸಕೋಶ ಕೆಟ್ಟಿದೆಯಂತಮ್ಮಾ" ಎಂದ, ಜಗಲಿಯಲ್ಲಿದ್ದ ಲಿಲಿಯಾಳ ಕಡೆ ನೋಡಿ. "ಡಾಕ್ಟ್ರು ಕೈ ಚೆಲ್ಲಿದಾರೆ. ನಿಮ್ಮತ್ತೆ ಬೆನ್ನು ಮುಟ್ತಾಳಾ ಕೇಳು."

"ಮುಟ್ಟಲ್ಲ ಅನ್ನು" ಎಂದಳು ಕಪೆಕಾ ಒಳಗಿಂದಲೇ. ಆಮೇಲೆ ಹೊರಗೆ ಬಂದು, ಅವನ ತುಟಿ ಕಂಡು, ಧ್ವನಿ ಇಳಿಸಿದಳು. "ಮುಟ್ಟಕ್ಕಾಗಲ್ಲ ಅನ್ನು. ಈ ಕೈಯಲ್ಲಿ ಅವನ ಮೇಲಿನ ಸಿಟ್ಟು ಹಾಗೇ ಇದೆ."

"ಹಾಗಾದ್ರೆ ಕೂಟಕ್ಕೆ ಕೂರೋಣ ಅನ್ನು" ಎಂದ ಮಕಾಯೊ.

ಕೂರುವುದೇನೋ ಸರಿ, ಹಿರಿತನ ಯಾರದು? ಜಗಳವಾಡಿದವರು ಅಲ್ಲಿ ಹಿರಿಯರಾಗುವ ಹಾಗಿಲ್ಲ. ಕಪೆಕಾಳ ಕೈಕೆಳಗೆ ಪಳಗಿದವಳೆಂದರೆ ಲಿಲಿಯಾ ಒಬ್ಬಳೇ.

"ಇವಳಾ? ನಿನ್ನೆ ಅನ್ನ ಸೀಯಿಸಿದವಳು!" ಎಂದಳು ಕಪೆಕಾ.

"ನೀನೇ ಆಗಮ್ಮ" ಎಂದ ಮಕಾಯೊ. "ನಿಮ್ಮತ್ತೆ ಬಾಯಿ ತಡ್ಕೊಂಡು ಇಷ್ಟು ವರ್ಷ ಬಾಳಿದೀಯ, ಬೇರೇನು ಬೇಕು?"

ಲಿಲಿಯಾ ನಗಲಿಲ್ಲ. ಚಾಪೆ ಹಾಸಿ, ಪ್ರಾರ್ಥನೆ ಹೇಳಿ, ಇಬ್ಬರ ನಡುವೆ ಕೂತಳು. ಕಟ್ಟಳೆಯ ಪ್ರಕಾರ ಜಗಳವಾಡಿದವರು ಪರಸ್ಪರ ಮಾತಾಡುವಂತಿಲ್ಲ, ಏನಿದ್ದರೂ ಹಿರಿಯರಿಗೆ ಹೇಳಬೇಕು. ಎಷ್ಟೋ ಮನೆಗಳಲ್ಲಿ ಈ ಕಟ್ಟಳೆಯನ್ನು ಗದರಿಸಿ ನಡೆಸಿದ ಕಪೆಕಾಗೆ ಅವತ್ತು ಅದೇ ಗಂಟಲಿಗೆ ಸಿಕ್ಕಿಕೊಂಡಿತು.

"ದೋಣಿ ಯಾಕೆ ತರಲಿಲ್ಲ ಕೇಳು ಆ ದೊಡ್ಡ ಮನುಷ್ಯನ್ನ!"

"ಅತ್ತೆ, ನಿಮ್ಮ ಸರದಿ ಇನ್ನೂ ಬಂದಿಲ್ಲ" ಎಂದಳು ಲಿಲಿಯಾ. "ಮಾವ, ನೀವು ಹೇಳಿ."

ಮಕಾಯೊ ಉಸಿರು ಕೂಡಿಸಿಕೊಂಡ. "ಅವತ್ತು ಕಡಲಂಚಿನ ನಮ್ಮ ಮೀನುಕೊಳಕ್ಕೆ ಮೀನು ನುಗ್ಗಿತ್ತು ಕಣಮ್ಮ. ಅಷ್ಟು ಮೀನು ಯಾವತ್ತೂ ಕಂಡಿರಲಿಲ್ಲ. ಒಂದು ಬಲೆ ಎಳೆದು ಆಮೇಲೆ ದೋಣಿ ಬಿಡೋಣ, ಅಮ್ಮ ಇನ್ನೆರಡು ದಿನ ಇರ್ತಾಳೆ ಅಂದ್ಕೊಂಡೆ. ಆಸೆ. ಆ ತಪ್ಪು ನಂದೇ."

ಕಪೆಕಾ ಎದ್ದೇಳಲು ಹೋದಳು. ಲಿಲಿಯಾ ಅವಳ ಮಂಡಿಯ ಮೇಲೆ ಕೈ ಇಟ್ಟಳು.

"ಮೈಯೆಲ್ಲ ಒದ್ದೆ, ಹಾಗೇ ಒಳಗೆ ಬಂದೆ" ಎಂದು ಅವನು ಮುಂದುವರಿಸಿದ. "ಅಮ್ಮನ ಕಣ್ಣು ಪೂರ್ತಿ ಹೋಗಿತ್ತಲ್ಲ. ಹೆಜ್ಜೆ ಸದ್ದು ಕೇಳಿ 'ಕಪೆಕಾ, ಬಂದೆಯೇನೇ?' ಅಂದ್ಲು. ಉಸಿರು ಮೇಲೆ ಮೇಲೆ ಬರ್ತಿತ್ತು. ಇಲ್ಲ ಅನ್ನಕ್ಕೆ ನನಗೆ ಬಾಯಿ ಬರಲಿಲ್ಲ. ಪಿಸುಗುಟ್ಟಿದೆ, 'ಬಂದೆ ಅಮ್ಮ' ಅಂತ. ತಲೆ ಬಗ್ಗಿಸು ಅಂದ್ಲು, ಬಗ್ಗಿಸಿದೆ. ಮುಟ್ಟಿ ನೋಡಿ 'ತಲೆ ಒದ್ದೆ ಇದೆಯಲ್ಲೇ, ಶೀತ ಆಗುತ್ತೆ' ಅಂದ್ಲು. ಆಮೇಲೆ ನೆತ್ತಿ ಮೇಲೆ ಊದಿದ್ಲು. ಅಷ್ಟೇ. ನಗ್ತಾನೇ ಹೋದ್ಲು."

ಅವನು ತಂಗಿಯ ಕಡೆ ಕೈ ತೋರಿಸಿದ.

"ಅದು ಇವಳಿಗೆ ಸೇರಬೇಕಾದ ಉಸಿರು" ಎಂದ ಮಕಾಯೊ. "ಹೇಳಿದ್ರೆ ಕಳ್ಳ ಅಂತಾಳೆ ಅಂತ ಹೆದರಿ ಸುಮ್ಮನಿದ್ದೆ. ಇವತ್ತಿಗೂ ಯಾರ ಬೆನ್ನನ್ನೂ ನಾನು ಮುಟ್ಟಿಲ್ಲಮ್ಮ. ನಂದಲ್ಲದ್ದನ್ನ ಖರ್ಚು ಮಾಡಬಾರದು ಅಂತ."

ಕಪೆಕಾ ಸೊಸೆಯ ಕಡೆ ತಿರುಗಿದಳು. ಮಾತಾಡಿದಾಗ ಧ್ವನಿ ಅವಳದೆನ್ನಿಸಲಿಲ್ಲ.

"ಲಿಲಿಯಾ, ಅವನನ್ನ ಕೇಳು. ಅಮ್ಮ... ನಾನು ಪಕ್ಕದಲ್ಲೇ ಇದೀನಿ ಅಂತ ತಿಳ್ಕೊಂಡೇ ಹೋದ್ಲಾ?"

ಲಿಲಿಯಾ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮಕಾಯೊ ತಲೆಯಾಡಿಸಿದ. ಜನರ ಕಣ್ಣೀರನ್ನು ಅಷ್ಟು ವರ್ಷ ನೋಡುತ್ತ ಬಂದ ಕಪೆಕಾ ಅವತ್ತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು.

ಅತ್ತು ಮುಗಿದ ಮೇಲೆ ಅವಳೂ ತನ್ನ ಪಾಲಿನ ತಪ್ಪು ಹೇಳಿದಳು. ಒಂದು ಮಾತೂ ಕೇಳದೆ ಅಣ್ಣನನ್ನು ದೂರವಿಟ್ಟೆ, ಉಸಿರು ಬರದಿದ್ದರೂ ಬಂದವಳ ಹಾಗೆ ಸುಮ್ಮನಿದ್ದೆ ಎಂದಳು. ಅವನು ಕ್ಷಮೆ ಕೇಳಿದ, ಅವಳು ಕ್ಷಮಿಸಿದಳು. ಅವಳು ಕೇಳಿದಳು, ಅವನು ಕ್ಷಮಿಸಿದ. "ಇಲ್ಲಿಗೆ ಈ ಗಂಟು ಕಡಿದುಹೋಯ್ತು. ಇನ್ನು ಈ ಮಾತನ್ನ ಯಾರೂ ಎತ್ತೋ ಹಾಗಿಲ್ಲ" ಎಂದು ಲಿಲಿಯಾ ಪ್ರಾರ್ಥನೆ ಮುಗಿಸಿದಳು. ಕೂಟ ಮುಗಿದರೆ ಎಲ್ಲರೂ ಒಟ್ಟಿಗೆ ಊಟ ಮಾಡಬೇಕಲ್ಲ, ಅರೆದ ಕೆಸುವಿನ ಗೆಡ್ಡೆಯನ್ನೂ ಮೀನನ್ನೂ ತಂದಿಟ್ಟಳು.

"ಅಲ್ವೇ, ನೀನು ಅನ್ನ ಸೀಯಿಸಿದ್ದು ಒಳ್ಳೇದೇ ಆಯ್ತು, ಅದಕ್ಕೇ ಇವತ್ತು ಕೆಸು ಅರೆದಿದ್ದು" ಎಂದಳು ಕಪೆಕಾ ಮೂಗು ಒರೆಸಿಕೊಳ್ಳುತ್ತ.

ಆದರೆ ಮಕಾಯೊ ಕೈ ತೊಳೆಯಲಿಲ್ಲ. "ತಲೆ ಬಗ್ಗಿಸು" ಎಂದ ತಂಗಿಗೆ, ಈ ಸಲ ನೇರವಾಗಿ.

"ಮೊದಲು ನಿನ್ನ ಬೆನ್ನು ನೋಡ್ತೀನಿ. ಇರೋ ಉಸಿರನ್ನ ಹಾಳು ಮಾಡ್ಬೇಡ."

"ಬಗ್ಗಿಸೇ ಅಂದ್ರೆ."

ನರೆತ ತಲೆ ಬಗ್ಗಿತು. ಅವನು ಎದೆ ತುಂಬಿಸಿಕೊಳ್ಳಲು ಒದ್ದಾಡಿದ, ಕೆಮ್ಮಿದ, ಮತ್ತೆ ತುಂಬಿಸಿಕೊಂಡ. ನೆತ್ತಿಯ ಮೇಲೆ ಊದಿದ. ಬೆಚ್ಚಗಿನ, ತುಂಡು ತುಂಡಾದ ಉಸಿರು. ಅದು ಮುಗಿದ ಮೇಲೆ ಕಪೆಕಾ ಎಣ್ಣೆ ತರಿಸಿ ಅಣ್ಣನ ಬೆನ್ನಿನ ಮೇಲೆ ಮೊದಲ ಸಲ ಕೈ ಇಟ್ಟಳು.

ಮಕಾಯೊ ಬದುಕಲಿಲ್ಲ. ದಿವಿಹಲಸು ಹಣ್ಣಾಗುವವರೆಗೆ ದಿನವೂ ಬಂದು ಬೆನ್ನು ನೀವಿಸಿಕೊಂಡು, ತಂಗಿಯ ಕೈಯಲ್ಲಿ ಬೈಸಿಕೊಂಡು, ಆ ಚಾಪೆಯ ಮೇಲೆಯೇ ಸುಖವಾಗಿ ಸತ್ತ. ಕಪೆಕಾಳ ಕೈಗುಣ ಆಮೇಲೆ ಹೆಚ್ಚಿತೇ ಎಂದರೆ, ಮೊದಲಿನಷ್ಟೇ ಇತ್ತು ಎನ್ನುತ್ತಾರೆ ಮೈ ಒಡ್ಡಿದವರು. ಮೊಣಕೈಯ ನೋವೂ ಅಷ್ಟೇ.

ಈ ವಿದ್ಯೆ ಯಾರು ಕೊಟ್ಟದ್ದು ಎಂದು ಹೊಸಬರು ಕೇಳಿದರೆ ಮುಂಚೆ ಅವಳು ಮಾತು ಮರೆಸುತ್ತಿದ್ದಳು. ಈಗ ಹೇಳುತ್ತಾಳೆ.

"ಅಮ್ಮ ಕೊಟ್ಟಳು. ಅಣ್ಣ ತಂದುಕೊಟ್ಟ."

"ಅದ್ಹೇಗೆ?"

"ಅದು ಮುಗಿದ ಮಾತು. ನೀನು ಬೋರಲು ಮಲ್ಕೋ."