ರಾಯಪ್ಪನ ಕಂಬಳಿಯ ತೂತು

ಖಾನಾಪುರದ ಪ್ರಮಿಳಾ, ಟಿಳಕವಾಡಿಯ ಕಾಲೇಜೊಂದರಲ್ಲಿ ಐದು ವರ್ಷ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದರು. ಕಳೆದ ವರ್ಷ ಅಲ್ಲಿ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದರು. ಆಯ್ಕೆ ಸಮಿತಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಪ್ರಮಿಳಾ ಆರಿಸಿಕೊಂಡ ವಿಷಯ ಸೌರ ಮಾರುತ.

ಸೂರ್ಯನ ಹೊರ ವಾತಾವರಣವೇ ಕರೋನಾ. ಉಪಗ್ರಹಗಳು ಅತಿನೇರಳೆ ಬೆಳಕಿನಲ್ಲಿ ತೆಗೆದ ಅದರ ಚಿತ್ರಗಳಲ್ಲಿ ಎರಡು ಬಗೆಯ ಕಪ್ಪು ಜಾಗಗಳು ಕಾಣುತ್ತವೆ. ಒಂದು ಕಡೆ ಕಾಂತರೇಖೆಗಳು ಬಾಗಿ ಹಿಂದಿರುಗದೆ ಆಕಾಶಕ್ಕೆ ತೆರೆದುಕೊಂಡಿರುತ್ತವೆ. ಅನಿಲ ಹೊರಗೆ ಹರಿದುಹೋಗಿ ಆ ಜಾಗ ತೆಳುವಾಗಿ ಕಪ್ಪಾಗುತ್ತದೆ. ಅದು ಕರೋನಾ ರಂಧ್ರ. ಎರಡು ಮೂರು ದಿನಗಳಲ್ಲಿ ಭೂಮಿಯನ್ನು ಮುಟ್ಟುವ ವೇಗದ ಸೌರ ಮಾರುತ ಹೊರಡುವುದು ಅಲ್ಲಿಂದ. ಇನ್ನೊಂದು ಕಡೆ ಕಾಂತಕ್ಷೇತ್ರ ದಟ್ಟವಾದ, ಸುತ್ತಲಿಗಿಂತ ಬಹಳ ತಣ್ಣನೆಯ ಅನಿಲವನ್ನು ಹಿಡಿದಿಟ್ಟಿರುತ್ತದೆ. ಅದು ಹಿಂದಿನ ಬೆಳಕನ್ನು ತಡೆದು ಕಪ್ಪಾಗಿ ಕಾಣುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಪ್ರಮಿಳಾ ಅವರಿಗೆ ತೀರಿಹೋದ ತಂದೆ ರಾಯಪ್ಪನ ಬೂದು ಕಂಬಳಿ ನೆನಪಾಯಿತು. ಕುರಿ ಕಾಯುವಾಗ ಕಿಡಿ ಬಿದ್ದು ಅದರಲ್ಲೊಂದು ತೂತಾಗಿತ್ತು. ಪಕ್ಕದಲ್ಲೇ ಕರಿ ಉಣ್ಣೆಯ ತೇಪೆ. ಕರಿಹಲಗೆಯ ಮೇಲೆ ತೂಗುಹಾಕಿದರೆ ದೂರಕ್ಕೆ ಎರಡೂ ಕಪ್ಪು. ಫ್ಯಾನಿನ ಮುಂದೆ ಹಿಡಿದರೆ ಗಾಳಿ ನುಗ್ಗುವುದು ತೂತಿನಿಂದ.

"ಅವ್ವಾ, ಅಪ್ಪನ ಕಂಬಳಿ ನಾಳಿ ಕಾಲೇಜಿಗೆ ಒಯ್ಯತೀನಿ."

"ಆ ಹರಕ ಕಂಬಳೀನ? ದೊಡ್ಡಮಂದಿ ಮುಂದ?" ಎಂದರು ತಾಯಿ ಸತ್ಯವ್ವ.

"ಹೂಂ ಬೇ, ಅದ ಬೇಕು."

ಬೆಳಿಗ್ಗೆ ಸತ್ಯವ್ವ ಅದನ್ನು ಮಡಚಿ ಚೀಲದಲ್ಲಿಟ್ಟು ಕೊಟ್ಟರು. ಪ್ರಮಿಳಾ ಅದನ್ನು ಬಿಚ್ಚಿದ್ದು ಸಮಿತಿಯ ಮುಂದೆಯೇ. ಹಲಗೆಯ ಮೇಲೆ ಒಂದೇ ಕಪ್ಪು ಕಂಡಿತು. ತೂತಿದ್ದಲ್ಲಿ ಬೂದು ಉಣ್ಣೆಯನ್ನು ಎಳೆ ಗುರುತಾಗದಂತೆ ಹೆಣೆಯಲಾಗಿತ್ತು. ಫ್ಯಾನ್ ತಿರುಗುತ್ತಲೇ ಇತ್ತು.

"ಇಲ್ಲೊಂದು ತೂತಿತ್ರಿ ಸರ್..."

"ಪಾಠಾ ಮಾಡಾಕ ಬಂದೀರೋ, ಕಂಬಳಿ ಮಾರಾಕ ಬಂದೀರೋ?" ಎಂದರು ಸಮಿತಿಯ ಹಿರಿಯ ಶಶಿಧರ. "ತೂತು ಎಲ್ಲೈತ್ರಿ ಮೇಡಮ್? ಸೂರ್ಯನಾಗ?"

"ಹೌದ್ರಿ" ಎಂದರು ಪ್ರಮಿಳಾ. ಸರಿಯಾದ ಉತ್ತರ ಅದೇ. ಕೋಣೆಯಲ್ಲಿ ಎದ್ದ ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವರು ಬಾಯಲ್ಲಿ ವಿವರಿಸಿದ್ದನ್ನೂ ಯಾರೂ ತಲೆ ಎತ್ತಿ ಕೇಳಲಿಲ್ಲ.

ಹುದ್ದೆ ಇನ್ನೊಬ್ಬರಿಗೆ ಹೋಯಿತು. ಕಾಯಂ ಉಪನ್ಯಾಸಕರು ಬಂದ ಮೇಲೆ ಅತಿಥಿಯ ಅಗತ್ಯವೂ ಉಳಿಯಲಿಲ್ಲ. ಪ್ರಮಿಳಾ ಈಗ ಮಚ್ಛೆ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುತ್ತಾರೆ.

ಪಾಠದ ದಿನ ಸಂಜೆ ಸತ್ಯವ್ವ ಬಾಗಿಲಲ್ಲೇ ಕಾದಿದ್ದರು.

"ಕಂಬಳಿ ನೋಡಿ ಏನಂದ್ರವ್ವಾ?"

"ತೂತು ಎಲ್ಲೈತಿ ಅಂತ ಕೇಳಿದ್ರು ಬೇ. ಕಾಣಲಿಲ್ಲ ಅವರಿಗೆ."

ಸತ್ಯವ್ವ ನಕ್ಕರು. "ನಾ ಹೆಣದಿದ್ದು. ಅವರಿಗೆಲ್ಲಿ ಕಾಣಸ್ತೈತಿ?"

ಈಗಲೂ ಮನೆಗೆ ಬಂದವರಿಗೆ ಸತ್ಯವ್ವ ಇದನ್ನು ಹೇಳಿ ಕಂಬಳಿ ತೋರಿಸುತ್ತಾರೆ. ಆ ಹೊತ್ತಿಗೆ ಪ್ರಮಿಳಾ ಎದ್ದು ಚಹಾಕ್ಕೆ ಇಡಲು ಒಳಗೆ ಹೋಗುತ್ತಾರೆ.