ಕ್ಯಾಪ್ರಿಸ್, ಕ್ರೌನ್ ವಿಕ್ಟೋರಿಯಾ ಮತ್ತು ಅಮ್ಮನ ಮೇಣದಬತ್ತಿ

ಹಳೆಯ ಅಮೆರಿಕನ್ ಕಾರುಗಳೆಂದರೆ ನನಗೆ ಹೇಸಿಗೆ. ಮಂಚದಷ್ಟು ಅಗಲದ ಸೀಟು, ಹೆಣ ಮಲಗಿಸುವಷ್ಟು ದೊಡ್ಡ ಡಿಕ್ಕಿ, ಒಳಗೆಲ್ಲ ಪೆಟ್ರೋಲು ಮತ್ತು ಅತ್ತರು ಸೇರಿದ ಕಮಟು ವಾಸನೆ. ನಾವಿರುವ ಈ ಗಲ್ಫ್ ದೇಶದ ಸನದ್ ಎಂಬ ಊರಿನ ಗ್ಯಾರೇಜೊಂದರಿಂದ ನನ್ನ ಗಂಡ ಅಂಥದ್ದೊಂದು ಕ್ಯಾಪ್ರಿಸ್ ತಂದಿದ್ದಾರೆ. ಹೆತ್ತ ಮಕ್ಕಳನ್ನೂ ಅವರು ಅಷ್ಟು ತಿಕ್ಕಿ ತೊಳೆದವರಲ್ಲ. ಅವರ ಗೆಳೆಯನ ಬಳಿ ಅದೇ ಕಾಲದ ಕ್ರೌನ್ ವಿಕ್ಟೋರಿಯಾ. ಇಬ್ಬರೂ ಸೇರಿದರೆ ಯಾವುದು ಹೆಚ್ಚು ಎಂಬ ಒಂದೇ ಮಾತು.

ಹೋದ ವರ್ಷ ಅಮ್ಮ ವಿಸಿಟ್ ವೀಸಾದಲ್ಲಿ ಬಂದಳು. ನಮ್ಮನ್ನು ನೋಡುವುದು ನೆಪ. ಇಲ್ಲೇ ಕೆಲಸದಲ್ಲಿದ್ದು ತೀರಿಹೋದ ನನ್ನ ಅಣ್ಣನ ಸಮಾಧಿಯನ್ನು ಅವಳು ನೋಡಿಯೇ ಇರಲಿಲ್ಲ. ಊರಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಮೇಣದಬತ್ತಿಗಳನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ನನ್ನ ಗಂಡ ಪ್ರತಿ ವಾರವೂ ‘ಮುಂದಿನ ಶುಕ್ರವಾರ’ ಎಂದರು. ಹಾಗೆ ಹೇಳುತ್ತಾ ಕೊನೆಯ ಶುಕ್ರವಾರ ಬಂತು. ಅಂದು ಸಂಜೆಯೇ ಅವಳ ವಿಮಾನ. ಮಧ್ಯಾಹ್ನದ ನಮಾಜಿಗೆ ಹೊರಡುವಾಗ ಸ್ಮಶಾನದ ಕಾವಲುಗಾರ ಗೇಟಿಗೆ ಬೀಗ ಹಾಕಿದನೆಂದರೆ ಆ ದಿನ ಮತ್ತೆ ತೆರೆಯುವುದಿಲ್ಲ.

ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದೆವು. ಪಾರ್ಕಿಂಗಿನಲ್ಲಿ ಗೆಳೆಯ ತನ್ನ ಕಾರಿಗೆ ಒರಗಿ ನಿಂತಿದ್ದ.

“ಎಂತ ಮಾರಾಯ, ನಿನ್ನ ಡಬ್ಬದ ಎಸಿ ಕೆಲಸ ಮಾಡ್ತದಾ?”

ಅಷ್ಟು ಸಾಕಾಯಿತು. ಇಬ್ಬರೂ ಬಾನೆಟ್ ಎತ್ತಿದರು. ಇಂಜಿನ್ನಿನ ಸದ್ದು ಕೇಳಿಸಿದ್ದಾಯಿತು, ಡಿಕ್ಕಿ ಅಳೆದದ್ದಾಯಿತು. ಅಮ್ಮ ಬಿಸಿಲಿನಲ್ಲಿ ಮೇಣದಬತ್ತಿಯ ಚೀಲ ಹಿಡಿದು ನಿಂತೇ ಇದ್ದಳು.

“ಗೇಟು ಹಾಕ್ತಾರೆ, ಹೊರಡಿ,” ಎಂದೆ.

“ಐದು ನಿಮಿಷ ಮಾರಾಯ್ತಿ. ಹಿಂದೆ ಕೂತವರಿಗೇ ಗೊತ್ತಾಗುದು ಕಾರು ಎಂಥದ್ದು ಅಂತ. ಅಮ್ಮನೇ ಹೇಳಲಿ,” ಎಂದರು ನನ್ನ ಗಂಡ.

ರಿಫಾ ಕಡೆಯ ಖಾಲಿ ರಸ್ತೆಗೆ ಎರಡೂ ಕಾರು ಓಡಿಸಿಕೊಂಡು ಹೋದರು. ಕ್ಯಾಪ್ರಿಸ್‌ನಲ್ಲಿ ಒಂದು ಸುತ್ತು ಹೊಡೆಸಿ, ಅದನ್ನು ಬಿಸಿಲಿಗೆ ನಿಲ್ಲಿಸಿ, ನಮ್ಮನ್ನು ಇನ್ನೊಂದಕ್ಕೆ ಹತ್ತಿಸಿದರು. ಅಮ್ಮನ ಚೀಲ ಕ್ಯಾಪ್ರಿಸ್‌ನ ಹಿಂದಿನ ಗಾಜಿನ ಬುಡದಲ್ಲೇ ಉಳಿಯಿತು. ಹಂಪ್ ಸಿಕ್ಕಾಗಲೆಲ್ಲ ಇಬ್ಬರೂ ತಿರುಗಿ, “ಕುಲುಕಿತಾ ಅಮ್ಮಾ?” ಎಂದು ಹಲ್ಲು ಕಿರಿದರು. ನಾನು ಬೈದದ್ದು ಯಾರ ಕಿವಿಗೂ ಬೀಳಲಿಲ್ಲ. ಕಾರು ನಿಂತಾಗಲೆಲ್ಲ ಅಮ್ಮ ಬಾಗಿಲಿಗೆ ಕೈ ಹಾಕಿ ನನ್ನನ್ನು ಕೇಳುತ್ತಿದ್ದಳು: “ಬಂತಾ ಮಗಾ?”

ಮತ್ತೆ ಕ್ಯಾಪ್ರಿಸ್ ಹತ್ತಿ ಸ್ಮಶಾನ ತಲುಪಿದಾಗ ಗೇಟಿಗೆ ಬೀಗ ಬಿದ್ದಿತ್ತು.

“ಛೆ, ಸ್ವಲ್ಪದರಲ್ಲಿ ತಪ್ಪಿತು,” ಎಂದರು ನನ್ನ ಗಂಡ, ಬಸ್ಸು ತಪ್ಪಿದವರ ಹಾಗೆ. ಆ ಮುಖ ನೋಡಲೂ ನನಗೆ ಅಸಹ್ಯವಾಯಿತು. ಅಮ್ಮ ಚೀಲ ಬಿಚ್ಚಿದಳು. ಮೇಣದಬತ್ತಿಗಳೆಲ್ಲ ಬಿಸಿಗೆ ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ಬಿಡಿಸಿ, ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಲು ನೋಡಿದಳು. ಗೇಟಿನ ಬುಡದಲ್ಲಿ ಅದು ನಿಲ್ಲಲಿಲ್ಲ. ಮತ್ತೆ ಸೀರೆಯಲ್ಲಿ ಸುತ್ತಿಕೊಂಡಳು.

ಸಂಜೆ ಏರ್‌ಪೋರ್ಟಿಗೆ ಹೊರಟದ್ದೂ ಅದೇ ಕ್ಯಾಪ್ರಿಸ್‌ನಲ್ಲಿ. ದಾರಿಯಲ್ಲಿ ನನ್ನ ಗಂಡ ಬಾಯಿಬಿಟ್ಟರು. “ಆದ್ರೂ ಹೇಳಿ ಅಮ್ಮ, ಯಾವ ಕಾರು ಒಳ್ಳೆದು?”

ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಎರಡರಲ್ಲೂ ಕೂತೆ. ಎರಡೂ ನನ್ನನ್ನು ಮಗನ ಹತ್ರ ಕರ್ಕೊಂಡು ಹೋಗ್ಲಿಲ್ಲ.”