ಕಂಡಕ್ಟರ್ ಶೇಖರಣ್ಣ ಬಸ್ಸಿನ ಹಿಂದೆ ಓಡಿದ್ದು

ಬಸ್ಸಿನ ಮೆಟ್ಟಿಲಿಗೆ ಕಾಲಿಡುವಾಗ ನನ್ನ ಪ್ಯಾಂಟು ಹಿಂದಿನಿಂದ ಹರಿಯಿತು. ಸದ್ದು ಎಷ್ಟು ಜೋರಾಗಿತ್ತೆಂದರೆ, ಡ್ರೈವರ್ ಫೈಝಲ್ ಟಯರ್ ಹೋಯಿತೆಂದು ಬ್ರೇಕ್ ಒತ್ತಿದ. ಬಸ್ಸಿನಲ್ಲಿ ನನ್ನದೇ ಶಾಲೆಯ ಹದಿನೆಂಟು ಮಕ್ಕಳಿದ್ದರು. ಮನುಷ್ಯನ ಉಡುಪು ಅವನ ಶಿಸ್ತಿನ ಕನ್ನಡಿ ಎಂದು ಹಿಂದಿನ ದಿನವಷ್ಟೇ ಅವರಿಗೆ ನಲವತ್ತು ನಿಮಿಷ ಹೇಳಿದ್ದೆ. ಮಕ್ಕಳು ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಕಿಟಕಿಯ ಹೊರಗೆ ನೋಡಿದರು. ಅದು ಇನ್ನೂ ಕಷ್ಟ.

ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಶೇಖರಣ್ಣ ನನ್ನ ಕಿವಿಯ ಹತ್ತಿರ ಬಂದು, "ಮಾಷ್ಟ್ರೆ, ನೀವು ಕೂತ್ಕೊಳ್ಳಿ. ವೇಣೂರು ಬರ್ಲಿ, ವ್ಯವಸ್ಥೆ ಮಾಡುವ" ಎಂದರು. ನಾನು ಕೂತೆ. ವೇಣೂರಿನವರೆಗೆ ಬಂದ ಮುದುಕಿಯರಿಗೆ, ಬಸುರಿಯರಿಗೆ, ಕೈಕೂಸು ಹೊತ್ತವರಿಗೆ, ಯಾರಿಗೂ ಎದ್ದು ಸೀಟು ಕೊಡಲಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಆ ಬಸ್ಸಿನಲ್ಲಿ ನನ್ನ ಹೆಸರು ಕೆಟ್ಟದ್ದು ಅಂದೇ.

ವೇಣೂರಿನಲ್ಲಿ ಒಂದು ಕ್ರಮ ಉಂಟು. ಅಲ್ಲಿ ಟೈಮ್‌ಕೀಪರನ ಮೇಜು ರಸ್ತೆಯ ಬದಿಗಿದೆ. ಎದುರಾಳಿ ಕಂಪೆನಿಯ ಬಸ್ಸು ಮೂರು ನಿಮಿಷದ ಅಂತರದಲ್ಲಿ ಅಟ್ಟಿಸಿಕೊಂಡು ಬರುತ್ತಿರುವುದರಿಂದ ನಮ್ಮ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ತುಸು ನಿಧಾನವಾಗುತ್ತದೆ ಅಷ್ಟೇ. ಕಂಡಕ್ಟರ್ ಹಾರಿ, ಚೀಟಿಯಲ್ಲಿ ಸಮಯ ಬರೆಸಿಕೊಂಡು, ಓಡಿ ಬಂದು ಹಿಂದಿನ ಫುಟ್‌ಬೋರ್ಡು ಹಿಡಿಯಬೇಕು. ಶೇಖರಣ್ಣ ಇಪ್ಪತ್ತಾರು ವರ್ಷ ಇದನ್ನು ಮಾಡಿದವರು. ಆದರೆ ಆ ದಿನ ಚೀಟಿ ಬರೆಸಿದ ಮೇಲೆ ಪಕ್ಕದ ಟೈಲರ್ ಅಂಗಡಿಗೂ ನುಗ್ಗಿದರು. ನನಗಾಗಿ ನಾಲ್ಕು ಪಿನ್ನು ತರಲು.

ಹಿಂದಿನ ಗಾಜಿನಲ್ಲಿ ನಾನೇ ನೋಡಿದೆ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಪಿನ್ನು, ಹೆಗಲಿನಿಂದ ಮುಂದಕ್ಕೆ ಜಾರಿದ ಚರ್ಮದ ಚೀಲ, ಅದರ ಮೇಲೆ ಕುಣಿಯುವ ಹೊಟ್ಟೆ. ಐವತ್ತೊಂದು ವರ್ಷದ ಮನುಷ್ಯ ಮೊದಲು ಓಡಿದರು, ಆಮೇಲೆ ನಡೆದರು, ಆಮೇಲೆ ಚಿಕ್ಕದಾಗುತ್ತ ಹೋದರು. ನಾನು ಎದ್ದು ಕೂಗಬೇಕಿತ್ತು. ಆದರೆ ಏಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಐದು ನಿಮಿಷದ ಮೇಲೆ ಯಾರೋ ಟಿಕೆಟ್ ಕೇಳಿದಾಗಲೇ ಫೈಝಲನಿಗೆ ವಿಷಯ ಗೊತ್ತಾದದ್ದು. ಬಸ್ಸು ನಿಲ್ಲಿಸಿ ಕಾದೆವು. ಶೇಖರಣ್ಣ ಬಂದರು. ಬಂದದ್ದು ಎದುರಾಳಿ ಬಸ್ಸಿನಲ್ಲಿ, ಅವರ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು. ನಮ್ಮ ಲೈನಿನಲ್ಲಿ ಕಂಡಕ್ಟರೊಬ್ಬನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇಳಿದು ಬಂದವರು ಮೊದಲು ಮಾಡಿದ ಕೆಲಸ, ಪಿನ್ನನ್ನು ನನ್ನ ಕೈಗಿತ್ತದ್ದು.

ಬಸ್ಸಿನ ಧನಿ, ಎಂದರೆ ಮಾಲೀಕರಾದ ಧರ್ಣಪ್ಪನವರಿಗೆ ಸಂಜೆಯೊಳಗೆ ವಿಷಯ ಮುಟ್ಟಿತು. ಫುಟ್‌ಬೋರ್ಡಿಗೆ ಓಡುವ ಕಾಲು ಬೇಕು, ಪತ್ತನಾಜೆಯವರೆಗೆ ನೋಡುತ್ತೇನೆ, ಇನ್ನೊಮ್ಮೆ ಬಸ್ಸು ನಿನ್ನನ್ನು ಬಿಟ್ಟುಹೋದರೆ ಶೆಡ್ಡಿನಲ್ಲಿ ಬಸ್ಸು ತೊಳೆದುಕೊಂಡಿರು ಎಂದರಂತೆ. ಪತ್ತನಾಜೆಯೆಂದರೆ ಮೇ ತಿಂಗಳ ಕೊನೆಗೆ ನಮ್ಮ ಕಡೆಯ ಯಕ್ಷಗಾನದ ಆಟ, ಭೂತಕೋಲಗಳೆಲ್ಲ ಆ ವರ್ಷದ ಗೆಜ್ಜೆ ಬಿಚ್ಚುವ ದಿನ. ಆಗ ಮಾರ್ಚ್ ಮೊದಲ ವಾರ.

ಸಂಬಳವೇನೂ ಕಡಿಮೆಯಾಗುವುದಿಲ್ಲವಂತೆ ಎಂದು ನಾನು ಸಮಾಧಾನ ಹೇಳಲು ಹೋದೆ. ಯಾರ ಮನೆಯ ದನ ಕರು ಹಾಕಿತು, ಯಾರ ಮಗಳನ್ನು ನೋಡಲು ಮೂಡುಬಿದಿರೆಯಿಂದ ಜನ ಹೊರಟಿದ್ದಾರೆ, ಯಾವ ಅಜ್ಜನ ಕಣ್ಣಿನ ಔಷಧಿ ಬೆಳ್ತಂಗಡಿಯಲ್ಲಿ ಮಾತ್ರ ಸಿಗುತ್ತದೆ, ಎಲ್ಲ ಶೇಖರಣ್ಣ ನಿಲ್ಲುವ ಆ ಹಿಂದಿನ ಬಾಗಿಲಲ್ಲೇ ಹತ್ತಿ ಇಳಿದ ಸಂಗತಿಗಳು.

"ಶೆಡ್ಡಿನಲ್ಲಿ ಬಸ್ಸು ಖಾಲಿ ಇರ್ತದೆ ಮಾಷ್ಟ್ರೆ" ಎಂದರು. "ನಾನು ಯಾರ ಹತ್ರ ಮಾತಾಡುದು?"

ಉಪಾಯ ತಂದವಳು ಅವರ ಮಗಳು ನಿಖಿತಾ. ಅವಳು ದೈಹಿಕ ಶಿಕ್ಷಣ ಓದುತ್ತಿದ್ದಾಳೆ. ಅಪ್ಪನ ಮೊಬೈಲಿಗೆ ಒಂದು ಆ್ಯಪ್ ಹಾಕಿ ಕೊಟ್ಟಳು. ಜನ್ಮದಲ್ಲಿ ಓಡದವನನ್ನು ಒಂಬತ್ತು ವಾರದಲ್ಲಿ ಅರ್ಧ ಗಂಟೆ ನಿಲ್ಲದೆ ಓಡುವ ಹಾಗೆ ಮಾಡುವ ಕಾರ್ಯಕ್ರಮವಂತೆ. ವಾರಕ್ಕೆ ಮೂರು ದಿನ. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ಪಿನ್ನಿನ ಋಣ ನನ್ನ ಮೇಲಿತ್ತಲ್ಲ, ನಾನೂ ಜೊತೆಗೆ ಬರುತ್ತೇನೆ ಎಂದುಬಿಟ್ಟೆ. ನನ್ನ ಹೆಂಡತಿ ಆ ಮಾತು ಕೇಳಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಮತ್ತೆ ಅಕ್ಕಿ ಆರಿಸಿದಳು.

ಒಂದು ನಿಮಿಷವೆಂದು ಕೇಳಿ ಶೇಖರಣ್ಣನಿಗೆ ನಗು ಬಂದಿತ್ತು. "ನಮ್ಮ ಲೈನಿನಲ್ಲಿ ಒಂದು ನಿಮಿಷ ಅಂದ್ರೆ ಎಂತ, ಒಂದು ಜಗಳಕ್ಕೂ ಸಾಕಾಗುದಿಲ್ಲ" ಎಂದಿದ್ದರು. ಮೊದಲ ದಿನ ನಲವತ್ತನೇ ಸೆಕೆಂಡಿಗೆ ಮೈಲಿಗಲ್ಲಿನ ಮೇಲೆ ಕೂರಲು ಹೋದರು. ಮೈಲಿಗಲ್ಲಿನಲ್ಲಿ ಜಾಗ ಇರಲಿಲ್ಲ, ಏಕೆಂದರೆ ಇಪ್ಪತ್ತೈದನೇ ಸೆಕೆಂಡಿಗೇ ನಾನು ಅಲ್ಲಿ ಕೂತಾಗಿತ್ತು.

ಓಡುವುದಕ್ಕಿಂತ ದೊಡ್ಡ ಕಷ್ಟ ಓಡಲು ಬಿಡದ ಜನ. ನಮ್ಮ ಊರಿನಲ್ಲಿ ದೊಡ್ಡವನೊಬ್ಬ ರಸ್ತೆಯಲ್ಲಿ ಓಡಿದರೆ ಎರಡೇ ಅರ್ಥ. ಯಾರಿಗೋ ಹಾವು ಕಚ್ಚಿದೆ, ಇಲ್ಲವೇ ಯಾರೋ ತೀರಿಕೊಂಡಿದ್ದಾರೆ. ಮೊದಲ ವಾರ ಹಾದುಹೋದ ಪ್ರತಿ ರಿಕ್ಷಾ ನಿಂತಿತು, ಪ್ರತಿ ಬೈಕು "ಕೂತ್ಕೊಳ್ಳಿ" ಎಂದಿತು. ಬೇಡವೆಂದರೆ ಅವರಿಗೆ ಬೇಸರ. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಬರುವ ಅಬ್ದುಲ್ ರವೂಫ್ ನಮ್ಮ ಪಕ್ಕದಲ್ಲೇ ನಿಧಾನಕ್ಕೆ ಬಂದು ಕೇಳಿದ, "ಎಂತಾಯ್ತು ಶೇಖರಣ್ಣ, ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ ಮಾರಾಯ. ಸುಮ್ಮನೆ ಓಡುದು."

ರವೂಫ್ ಯೋಚಿಸಿದ. "ಹಾಗಾದ್ರೆ ನಿಧಾನಕ್ಕೆ ಹೋಗ್ಬಹುದಲ್ಲ" ಎಂದು ಹೇಳಿ ಹೋದ. ಆ ಮಾತಿನಲ್ಲಿದ್ದ ನ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ.

ಎರಡನೆಯ ಕಷ್ಟ ಆ್ಯಪಿನದು. ಅದರೊಳಗೆ ಒಬ್ಬಳು ಹೆಂಗಸು ಇಂಗ್ಲಿಷಿನಲ್ಲಿ ಈಗ ಓಡು, ಈಗ ನಡೆ ಎಂದು ಹೇಳುತ್ತಿದ್ದಳು. ಶೇಖರಣ್ಣ ಕೇಳಲೇ ಇಲ್ಲ. "ಪ್ಯಾಸೆಂಜರ್ ಹೇಳಿದ ಕೂಡ್ಲೆ ಬಸ್ಸು ಬಿಡ್ಲಿಕ್ಕೆ ಉಂಟಾ?" ಎಂದು ಅವಳ ಬಾಯಿ ಮುಚ್ಚಿಸಿ, ತಮ್ಮ ವಿಸಿಲನ್ನೇ ಕುತ್ತಿಗೆಗೆ ಹಾಕಿಕೊಂಡು ಬಂದರು. ಇಪ್ಪತ್ತಾರು ವರ್ಷದಿಂದ ಅವರ ಕಾಲಿಗೆ ಗೊತ್ತಿದ್ದ ಭಾಷೆ ಅದೊಂದೇ. ಒಂದು ವಿಸಿಲ್ ಹೊಡೆದರೆ ನಿಲ್ಲುವುದು, ಎರಡು ಹೊಡೆದರೆ ಹೊರಡುವುದು. ಗಡಿಯಾರ ನೋಡಿ ಪೀ ಪೀ ಎಂದರೆ ಇಬ್ಬರೂ ಓಡುತ್ತಿದ್ದೆವು, ಪೀ ಎಂದರೆ ನಡೆಯುತ್ತಿದ್ದೆವು. ಅಚ್ಚರಿಯೆಂದರೆ ಕಾಲು ಕೇಳಿತು. ಎರಡನೇ ವಾರ ಒಂದೂವರೆ ನಿಮಿಷ, ಮೂರನೆಯದರಲ್ಲಿ ಮೂರು ನಿಮಿಷ, ನಾಲ್ಕನೆಯದರಲ್ಲಿ ಐದು. ಶೇಖರಣ್ಣನ ಬೆಲ್ಟು ಎರಡು ತೂತು ಒಳಗೆ ಬಂತು. ನಾನು ಎರಡನೇ ವಾರವನ್ನೇ ಮೂರು ಸಲ ಮಾಡಿದೆ. ಕಾರ್ಯಕ್ರಮದಲ್ಲಿ ಅದಕ್ಕೆ ಅವಕಾಶವಿದೆ ಎಂದು ನಿಖಿತಾ ಹೇಳಿದಳು, ಮುಖ ಬೇರೆ ಕಡೆ ತಿರುಗಿಸಿ.

ಆದರೆ ಐದನೇ ವಾರದ ಮೂರನೇ ದಿನ ಒಂದು ಗಂಡಾಂತರ ಉಂಟು. ಅಲ್ಲಿಯವರೆಗೆ ಎಂಟು ನಿಮಿಷ ಓಡಿಸಿದವರು ಆ ದಿನ ಏಕಾಏಕಿ ಇಪ್ಪತ್ತು ನಿಮಿಷ ನಿಲ್ಲದೆ ಓಡು ಎನ್ನುತ್ತಾರೆ. ಹಿಂದಿನ ರಾತ್ರಿ ಶೇಖರಣ್ಣ ಊಟ ಸರಿ ಮಾಡಲಿಲ್ಲವೆಂದು ಅವರ ಹೆಂಡತಿ ಕಾಂತಿ ಹೇಳಿದರು. ಇದಾಗದಿದ್ದರೆ ಶೆಡ್ಡೇ ಗತಿ ಎಂದು ಅವರ ಮನಸ್ಸಿಗೆ ಬಂದುಬಿಟ್ಟಿತ್ತು.

ಬೆಳಿಗ್ಗೆ ಆರು ಗಂಟೆಗೆ ಕೈಕಂಬದಲ್ಲಿ, ಎಂದರೆ ನಮ್ಮೂರಿನ ಮೂರು ರಸ್ತೆ ಕೂಡುವಲ್ಲಿ, ಇಬ್ಬರೂ ನಿಂತೆವು. ಮಂಜು ಇತ್ತು. ಹೋಟೆಲಿನೆದುರು ಎದುರಾಳಿಯವರ ಮೊದಲ ಟ್ರಿಪ್ಪಿನ ಬಸ್ಸು ಎಂಜಿನ್ ಬಂದ್ ಮಾಡದೆ ನಿಂತಿತ್ತು. ಅದು ದಿನಾ ನಿಲ್ಲುತ್ತದೆ, ನಮ್ಮ ಕಣ್ಣಿಗೆ ಅದು ಮರದ ಹಾಗೆ. ಶೇಖರಣ್ಣ ಪೂರ್ವಕ್ಕೆ ಕೈಮುಗಿದು, ಗಡಿಯಾರ ನೋಡಿ, ಎಂದಿಗಿಂತ ಗಟ್ಟಿಯಾಗಿ ಎರಡು ವಿಸಿಲ್ ಹೊಡೆದರು.

ಬಸ್ಸು ಹೊರಟಿತು.

ಒಂದು ಕ್ಷಣ ನಮಗೆ ಏನೂ ಅನಿಸಲಿಲ್ಲ. ಆಮೇಲೆ ಹೋಟೆಲಿನಿಂದ ಆ ಬಸ್ಸಿನ ಕಂಡಕ್ಟರ್ ಕುಶಾಲಪ್ಪ ಕೈಯಲ್ಲಿ ಅರ್ಧ ಬನ್ಸ್ ಹಿಡಿದು ಹೊರಗೆ ಬಂದ. ಬಸ್ಸಿದ್ದ ಜಾಗ ನೋಡಿದ, ಹೋಟೆಲಿನ ಹಿಂದೆ ಹೋಗಿ ನೋಡಿದ, ಬಂದು ನನ್ನನ್ನು ನೋಡಿದ. ಅಷ್ಟರಲ್ಲಿ ಶೇಖರಣ್ಣ ಬಸ್ಸಿನ ಹಿಂದೆ ಓಡಿಯಾಗಿತ್ತು. ಕಂಡಕ್ಟರ್ ಇಲ್ಲದ ಬಸ್ಸು ಏನೆಂದು ಆ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದೆ ನಡೆದದ್ದನ್ನು ಆ ಬಸ್ಸಿನ ಹಿಂದಿನ ಸೀಟಿನಲ್ಲಿದ್ದ ಆಫ್ರಾ ಎಂಬ ನರ್ಸ್ ಹುಡುಗಿ ಮೊಬೈಲಿನಲ್ಲಿ ತೆಗೆದಿದ್ದಾಳೆ, ಹಾಗಾಗಿ ನಾನು ಸೇರಿಸಿ ಹೇಳುವ ಅಗತ್ಯವಿಲ್ಲ. ನಮ್ಮ ಕಡೆ ಬೆಳಗಿನ ಬಸ್ಸು ಸ್ಟಾಪಿಗೆ ನಿಲ್ಲುವುದಲ್ಲ, ಮನೆಗಳಿಗೆ ನಿಲ್ಲುವುದು. ಒಂದು ಗೇಟಿನಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ತೆಂಗಿನಕಾಯಿಯ ಗೋಣಿ. ಪ್ರತಿ ಗೇಟಿನಲ್ಲೂ ಡ್ರೈವರ್ ಬಸ್ಸು ನಿಲ್ಲಿಸಿ, ಕಂಡಕ್ಟರ್ ಹಿಂದೆ ಸಾಮಾನು ಹತ್ತಿಸುತ್ತಿದ್ದಾನೆಂದು ನಂಬಿ, ಎರಡು ವಿಸಿಲಿಗಾಗಿ ಕಾಯುತ್ತಿದ್ದ. ಎರಡು ವಿಸಿಲ್ ಬಾರದೆ ಗಾಡಿ ತೆಗೆಯುವ ಡ್ರೈವರ್ ಈ ಮೂರು ತಾಲೂಕಿನಲ್ಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಶೇಖರಣ್ಣ ಓಡಿ ಓಡಿ ಹತ್ತಿರ ಬರುತ್ತಿದ್ದರು. ವಿಸಿಲ್ ಹಲ್ಲಿನ ನಡುವೆಯೇ ಇತ್ತು. ಏದುಸಿರು ಒಂದು ಸಲ ಹೊರಗೆ ಬಂದಾಗ ಪೀ, ಇನ್ನೊಂದು ಸಲ ಬಂದಾಗ ಪೀ. ಡ್ರೈವರ್ ಗೇರು ಹಾಕುತ್ತಿದ್ದ.

ಹೀಗೆ ಏಳು ಗೇಟು. ಕೈಗೆ ಹತ್ತು ಮಾರು ಇರುವಾಗ ಬಸ್ಸು ಹೊರಡುವುದು, ಶೇಖರಣ್ಣ ಮತ್ತೆ ಓಡುವುದು. ಗೇಟಿನಲ್ಲಿ ನಿಂತ ಹೆಂಗಸರು ಹೊರಡಬೇಡಿ, ಹಿಂದಿನಿಂದ ಜನ ಬರ್ತಾ ಉಂಟು ಎಂದು ಕೂಗಿದರೆ, ಕಂಡಕ್ಟರೇ ವಿಸಿಲ್ ಕೊಟ್ಟ ಮೇಲೆ ನಿಮ್ಮದೇನು ಎಂದು ಡ್ರೈವರ್ ಗದರಿದನಂತೆ. ಎಂಟನೇ ಗೇಟಿನ ಹತ್ತಿರ ಶೇಖರಣ್ಣನ ಉಸಿರು ಮುಗಿಯುತ್ತ ಬಂದಿತ್ತು. ಉಳಿದ ಉಸಿರಿಗೆ ವಿಸಿಲ್ ಒಂದೇ ಸಲ ಕೂಗಿತು. ಬಸ್ಸು ನಿಂತಿತು. ಅವರು ಹೋಗಿ ಫುಟ್‌ಬೋರ್ಡು ಹಿಡಿದುಕೊಂಡರು, ಹತ್ತಲಿಲ್ಲ, ಹಿಡಿದುಕೊಂಡು ನಿಂತರು.

ಕುಶಾಲಪ್ಪ ಅಲ್ಲಿಯವರೆಗೆ ಡ್ರೈವರಿಗೆ ಹನ್ನೊಂದು ಸಲ ಫೋನ್ ಮಾಡಿದ್ದ. ಗಾಡಿ ಓಡಿಸುವಾಗ ಫೋನ್ ತೆಗೆಯದ ಶಿಸ್ತಿನ ಮನುಷ್ಯ ಅವನು. ಕೊನೆಗೆ ಬಂದ ರವೂಫನ ಸ್ಕೂಟರಿನಲ್ಲಿ, ಮೀನಿನ ಪೆಟ್ಟಿಗೆಯ ಮೇಲೆ ಕುಶಾಲಪ್ಪ, ಮುಂದೆ ಕಾಲಿಡುವ ಜಾಗದಲ್ಲಿ ಕುಕ್ಕರಗಾಲಿನಲ್ಲಿ ನಾನು, ಹೀಗೆ ಬಂದು ತಲುಪಿದೆವು. ಶೇಖರಣ್ಣ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಗಡಿಯಾರ ಕಟ್ಟಿದ ಕೈಯನ್ನು ನನ್ನ ಮುಖದ ಹತ್ತಿರ ಹಿಡಿದರು. ಓಡಿದ್ದು ಇಪ್ಪತ್ತೆರಡು ನಿಮಿಷ. ಕುಶಾಲಪ್ಪ ಬೈಯಲು ಬಾಯಿ ತೆರೆದವನು, ಆ ಮುಖ ನೋಡಿ, ಉಳಿದ ಬನ್ಸನ್ನು ಅವರ ಕೈಯಲ್ಲಿಟ್ಟ.

ಸಂಜೆ ಧರ್ಣಪ್ಪನವರ ಬುಲಾವು ಬಂತು. ಎದುರಾಳಿ ಬಸ್ಸಿನ ಧನಿ ಫೋನ್ ಮಾಡಿ, ನಿಮ್ಮ ಜನ ಬೇಕೆಂದೇ ನಮ್ಮ ಬಸ್ಸನ್ನು ಕಂಡಕ್ಟರ್ ಇಲ್ಲದೆ ಓಡಿಸಿದ್ದಾರೆ ಎಂದು ದೂರು ಕೊಟ್ಟಿದ್ದರು. ಶೇಖರಣ್ಣ ಇಸ್ತ್ರಿ ಮಾಡಿದ ಖಾಕಿ ಹಾಕಿ ಹೊರಟರು. ಸಾಕ್ಷಿಗೆಂದು ನನ್ನನ್ನೂ ಕರೆದರು. ಮೂಡುಬಿದಿರೆಯ ಶೆಡ್ಡಿನ ಬಾಗಿಲಲ್ಲಿ ಅವರು ಒಳಗಿನ ನೀರಿನ ಪೈಪನ್ನೂ ಬ್ರಶ್ಶನ್ನೂ ಒಮ್ಮೆ ನೋಡಿದ್ದನ್ನು ನಾನು ಗಮನಿಸಿದೆ.

ಅವರ ಫುಟ್‌ಬೋರ್ಡು ಉಳಿಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಈ ಬಸ್ಸಿನಲ್ಲಿ ಹೋಗುವವರು ಈಗಲೂ ಅಲ್ಲೇ ಅವರನ್ನು ನೋಡಬಹುದು. ಆದರೆ ಆ ಸಂಜೆ ನಮಗದು ಗೊತ್ತಿರಲಿಲ್ಲ. ಧರ್ಣಪ್ಪನವರು ಕುರ್ಚಿಯಲ್ಲಿ ಕೂತು ಆಫ್ರಾಳ ವಿಡಿಯೋ ನೋಡುತ್ತಿದ್ದರು. ಮೂರನೆಯ ಸಲವಂತೆ. ಬೇಕೆಂದು ಮಾಡಿದ್ದಾ ಎಂದು ಕೇಳಿದರು. ನಾನು ಅಭ್ಯಾಸದ ಕತೆಯನ್ನು ಮೊದಲ ವಾರದಿಂದ ಹೇಳತೊಡಗಿದೆ. ಎರಡನೇ ವಾರಕ್ಕೆ ಬರುವಾಗ ಸಾಕು ಎಂದು ಕೈ ಎತ್ತಿದರು.

ಆಮೇಲೆ ವಿಡಿಯೋ ನಿಲ್ಲಿಸಿ, ಕನ್ನಡಕ ತೆಗೆದು, ಶೇಖರಣ್ಣನ ಕಡೆ ತಿರುಗಿದರು.

"ಇಪ್ಪತ್ತೆರಡು ನಿಮಿಷ ಓಡಿಯೂ ಅವರ ಬಸ್ಸು ನಿನ್ನ ಕೈಗೆ ಸಿಕ್ಲಿಲ್ಲ, ಅದಾಗಿಯೇ ನಿಂತದ್ದು. ಹಾಗಾದ್ರೆ ನಾಳೆ ವೇಣೂರಿನಲ್ಲಿ ನಮ್ಮ ಬಸ್ಸನ್ನು ಹೇಗೆ ಹಿಡೀತಿ?"

ಶೇಖರಣ್ಣ ಟೊಪ್ಪಿ ಸರಿಮಾಡಿಕೊಂಡರು.

"ಅವರದ್ದು ಹೊಸ ಬಸ್ಸು ಧನಿ. ನಮ್ಮದು ಅಷ್ಟು ಓಡುದಿಲ್ಲ."